ಮೂರು ಸಲ ತೂಗಿದ ಪರಮಾಣು

ಫೆಬ್ರವರಿ 9

ಅಣ್ಣಾ,

ಮೊದಲು ಸುದ್ದಿ, ಯೋಗಕ್ಷೇಮ ಆಮೇಲೆ. ಸಿಕ್ಕಿತು! ನಾಲ್ಕು ವರ್ಷ ಈ ಕಿಟಕಿಯಿಲ್ಲದ ಪ್ರಯೋಗಾಲಯದಲ್ಲಿ ಕೂತದ್ದು ದಂಡವಾಗಲಿಲ್ಲ. ಪರಮಾಣುಗಳು ತೊಟ್ಟಿಲ ಹಾಗೆ ತೂಗುವುದನ್ನು ಕಂಡೆ. ಕಂಡೆ ಅಂದರೆ ಬರಿಗಣ್ಣಿನಿಂದಲ್ಲ, ಗ್ರಾಫಿನಲ್ಲಿ. ನಮ್ಮ ಕಸುಬಿನಲ್ಲಿ ಅದೇ ಕಣ್ಣು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಕಟ್ಟುಹಲ್ಲು ಉಜ್ಜುವ ಯಂತ್ರದ ಪಕ್ಕ ಇಪ್ಪತ್ತು ವರ್ಷ ಕೂತು ನಿನ್ನ ಕಿವಿ ಅರ್ಧ ಕೈಕೊಟ್ಟಿದೆ. ನಾನು ಒಂದು ಮಾತು ಹೇಳುವುದು, ನೀನು "ಆಂ?" ಅನ್ನುವುದು, ನಾನು ಕಿರುಚುವುದು, ಅಕ್ಕಪಕ್ಕದವರು ಜಗಳ ಅಂದುಕೊಳ್ಳುವುದು. ಹಾಸ್ಟೆಲಿನ ಕಾಲದಿಂದ ನಡೆದುಬಂದ ಹಾಗೆ ಪತ್ರವೇ ವಾಸಿ.

ನಿನಗೆ ಅರ್ಥವಾಗುವ ಹಾಗೆ ಹೇಳುತ್ತೇನೆ, ಆಕಳಿಸಬೇಡ. ಒಂದು ಸೆಕೆಂಡನ್ನು ಹತ್ತು ಲಕ್ಷ ಚೂರು ಮಾಡು. ಅದರಲ್ಲಿ ಒಂದು ಚೂರನ್ನು ತೆಗೆದು ಮತ್ತೆ ನೂರು ಕೋಟಿ ಚೂರು ಮಾಡು. ಅಂಥ ಒಂದು ಚೂರಿಗೆ ಫೆಮ್ಟೊಸೆಕೆಂಡ್ ಎನ್ನುತ್ತೇವೆ. ಪರಮಾಣು ಅಲುಗಾಡುವುದು ಅಂಥ ಕೆಲವು ನೂರು ಚೂರುಗಳಲ್ಲಿ. ನಾವು ಮಾಡುವುದು ಇಷ್ಟೇ: ತೆಳ್ಳಗಿನ ಒಂದು ಹರಳಿಗೆ ಬೆಳಕಿನ ಒಂದು ಪೆಟ್ಟು ಕೊಡುತ್ತೇವೆ, ಪರಮಾಣುಗಳು ಬೆಚ್ಚಿಬೀಳುತ್ತವೆ. ಹಿಂದೆಯೇ ಇನ್ನೊಂದು ಪೆಟ್ಟು ಹೋಗಿ ಬೆಚ್ಚಿದವರ ಫೋಟೋ ತೆಗೆಯುತ್ತದೆ. ಒಂದು ಸಲಕ್ಕೆ ಒಂದೇ ಫೋಟೋ. ಮತ್ತೆ ಬೆಚ್ಚಿಸಿ, ಈ ಸಲ ಸ್ವಲ್ಪ ತಡವಾಗಿ ಇನ್ನೊಂದು. ತಡ ಮಾಡುವುದಕ್ಕೆ ಗಡಿಯಾರ ಸಾಲದು, ಕನ್ನಡಿ ಬೇಕು. ಕನ್ನಡಿಯನ್ನು ಒಂದು ಕೂದಲೆಳೆಯಷ್ಟು ಹಿಂದೆ ಸರಿಸಿದರೆ ಬೆಳಕು ಹೋಗಿ ಬರಲು ಅದರ ಎರಡರಷ್ಟು ದೂರ ಹೆಚ್ಚಿಗೆ ನಡೆಯಬೇಕು, ಐನೂರು ಚೂರು ತಡವಾಗಿ ತಲುಪುತ್ತದೆ. ಹೀಗೆ ಕನ್ನಡಿಯನ್ನು ಅರವತ್ತು ಕಡೆ ನಿಲ್ಲಿಸಿ, ಒಂದೊಂದು ಕಡೆ ಅರ್ಧ ನಿಮಿಷ ಅಳೆದರೆ ಒಂದು ಸುತ್ತು. ಅಂಥ ಇನ್ನೂರು ಸುತ್ತು ಒಟ್ಟುಗೂಡಿಸಿದ್ದೇನೆ.

ಎಲ್ಲರಿಗೂ ಮೊದಲೇ ಗೊತ್ತಿದ್ದ ಪುಟ್ಟ ನಡುಕ ಒಂದಿದೆ. ನನಗೆ ಅದರ ಜೊತೆಗೆ ದೊಡ್ಡದಾದ, ನಿಧಾನವಾದ ತೂಗಾಟ ಕಂಡಿದೆ, ಒಂದಲ್ಲ, ಮೂರು ಸಲ. ಯಾರೂ ಇದುವರೆಗೆ ಕಂಡಿರಲಿಲ್ಲ. ನಮ್ಮ ಮುಖ್ಯಸ್ಥೆ ಮೇಡಂ ಹೊಗಳುವ ವಿಷಯದಲ್ಲಿ ಮಹಾ ಜಿಪುಣಿ. ಅವರೂ ಗ್ರಾಫ್ ನೋಡಿ ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ನೋಡಿದರು. "ಚೆನ್ನಾಗಿದೆ" ಅಂದರು. ಪ್ರಬಂಧ ಕಳಿಸಿ ಆಗಿದೆ. ಮೇ ತಿಂಗಳ ದೊಡ್ಡ ಸಭೆಯಲ್ಲಿ ನಾನೇ ಮಾತಾಡಬೇಕು. ಜೂನ್‌ಗೆ ನನ್ನ ಕರಾರು ಮುಗಿಯುತ್ತದಲ್ಲ, ಇದು ಅಚ್ಚಾದರೆ ಕೆಲಸ ಖಾಯಂ.

ಪ್ರತಿ ಸುತ್ತಿಗೆ ಮುಂಚೆ ನಾನೇ ಲೇಸರ್ ಕೋಣೆಯ ಒಳಗೆ ಹೋಗಿ ಹರಳು ನೋಡಿಕೊಂಡು ಬರುತ್ತೇನೆ. "ಮಗು ಮಲಗಿದ್ಯಾ ಅಂತ ನೋಡ್ಕೊಂಡ್ ಬಂದ್ರಾ?" ಎಂದು ಜೊತೆಯವರು ರೇಗಿಸುತ್ತಾರೆ. ರೇಗಿಸಲಿ. ಈ ಸಲ ರಜೆಗೆ ಬರದೆ ಹೋದದ್ದು ಇದಕ್ಕೇ. ಸಿಟ್ಟಾಗಬೇಡ. ಗ್ರಾಫಿನ ಒಂದು ಪ್ರತಿ ಜೊತೆಗಿಟ್ಟಿದ್ದೇನೆ. ಅತ್ತಿಗೆಗೂ ತೋರಿಸು.

ನಿನ್ನ ಕಡ್ಡಿ


ಫೆಬ್ರವರಿ 19

ಕಡ್ಡಿಗೆ,

ಪತ್ರ ಬಂತು. ಮೂರು ಸಲ ಓದಿದೆ. ಎರಡನೆಯ ಸಲಕ್ಕೆ ಅರ್ಧ ಅರ್ಥವಾಯಿತು, ಮೂರನೆಯ ಸಲಕ್ಕೆ ಆ ಅರ್ಧವೂ ಹೋಯಿತು. ಖುಷಿ ಮಾತ್ರ ಪೂರ್ತಿಯಾಗಿದೆ.

ಟೈಪ್ ಮಾಡಿದ ಪತ್ರ ನೋಡಿ ಗಾಬರಿಯಾಗಬೇಡ. ವರ್ಕ್‌ಶಾಪಿಗೆ ಕಂಪ್ಯೂಟರ್ ತಂದು ವರ್ಷವಾಯಿತು, ಧೂಳು ತಿನ್ನುತ್ತಿತ್ತು. ಸುಮ್ಮನೆ ಕಲಿಯೋಣ ಎಂದು ಕೂತೆ. ಕೋಳಿ ಕಾಳು ಹೆಕ್ಕಿದ ಹಾಗೆ ಒಂದೊಂದೇ ಅಕ್ಷರ ಹೆಕ್ಕುತ್ತಿದ್ದೇನೆ.

ನಿನ್ನ ಗ್ರಾಫನ್ನು ಮೇಜಿನ ಎದುರು ಗೋಡೆಗೆ ಅಂಟಿಸಿದ್ದೇನೆ. ಮೇಲ್ದವಡೆಯ ಕಟ್ಟುಹಲ್ಲಿನ ಸೆಟ್ಟು ಸಡಿಲವಾಯಿತೆಂದು ಒಬ್ಬ ನಿವೃತ್ತ ಮೇಷ್ಟ್ರು ಬಂದಿದ್ದರು.

"ಈ ಮೂರು ಗುಡ್ಡ ಏನಪ್ಪಾ?" ಎಂದರು.

"ನನ್ ತಂಗಿ ಕಂಡಿದ್ದು ಮೇಷ್ಟ್ರೇ. ಪ್ರಪಂಚದಲ್ಲಿ ಇನ್ಯಾರೂ ಕಂಡಿಲ್ಲ."

ಅವರು ಬಾಯಿ ತೆರೆದ ರಭಸಕ್ಕೆ ಸೆಟ್ಟು ಕೈಗೇ ಬಂತು. ಸಡಿಲ ಎಷ್ಟಿದೆ ಎಂದು ನನಗೂ ಗೊತ್ತಾಯಿತು. ಈಗ ಬಂದವರಿಗೆಲ್ಲ ತೋರಿಸುವುದೇ ಕೆಲಸವಾಗಿದೆ. ನಿನ್ನ ಅತ್ತಿಗೆ, "ಹಲ್ಲಿಗೆ ಬಂದೋರು ಹಲ್ಲು ಕಚ್ಕೊಂಡ್ ಕೂತ್ಕೋಬೇಕು ನಿಮ್ ಪುರಾಣ ಕೇಳ್ತಾ" ಎನ್ನುತ್ತಾಳೆ.

ಒಂದು ಪ್ರಶ್ನೆ. ನೀನು ಬರೆದ ಆ ಪುಟ್ಟ ನಡುಕ ಇದೆಯಲ್ಲ, ಒಮ್ಮೆ ಶುರುವಾದ ಮೇಲೆ ತಾನಾಗಿ ನಿಲ್ಲುತ್ತದೆಯೇ, ಅಥವಾ ಬೆಳೆಯುತ್ತಾ ಹೋಗುತ್ತದೆಯೇ? ಸುಮ್ಮನೆ ಕೇಳಿದೆ.

ನಾವಿಬ್ಬರೂ ಚೆನ್ನಾಗಿದ್ದೇವೆ.

ಅಣ್ಣ


ಮಾರ್ಚ್ 2

ಅಣ್ಣಾ,

ಇದೇನು ಪತ್ರವೋ ಆಫೀಸಿನ ನೋಟೀಸೋ? ಕೊನೆಯಲ್ಲಿ "ತಮ್ಮ ವಿಶ್ವಾಸಿ" ಅಂತ ಇಲ್ಲದ್ದೇ ಪುಣ್ಯ. ಇಪ್ಪತ್ತು ವರ್ಷದಿಂದ ನಿನ್ನ ಮುತ್ತಿನಂಥ ಅಕ್ಷರ ಓದಿದವಳಿಗೆ ಈಗ ಅಚ್ಚಿನ ಅಕ್ಷರ. ರಜೆಗೆ ಬರಲಿಲ್ಲ ಎಂದು ಸಿಟ್ಟು ಇದೆ ತಾನೇ? ಇದ್ದರೆ ಬೈದುಬಿಡು. ಹೀಗೆ ದೂರ ನಿಂತು ಮಾತಾಡಿಸಬೇಡ.

ನಿನ್ನ ಪ್ರಶ್ನೆಗೆ ಉತ್ತರ: ನಿಲ್ಲುತ್ತದೆ. ಬೆಚ್ಚಿದ ಪರಮಾಣು ಪಕ್ಕದ್ದಕ್ಕೆ, ಪಕ್ಕದ್ದು ಅದರ ಪಕ್ಕದ್ದಕ್ಕೆ ನಡುಕ ಹಂಚುತ್ತಾ ಹೋಗುತ್ತದೆ. ಕೊನೆಗೆ ಎಲ್ಲರಿಗೂ ಒಂದಿಷ್ಟು ಬಿಸಿ ಉಳಿದು ಎಲ್ಲ ಸುಮ್ಮನಾಗುತ್ತದೆ. ನಿನಗೆ ಭೌತಶಾಸ್ತ್ರದ ಹುಚ್ಚು ಹಿಡಿಯುತ್ತಿರುವುದು ನೋಡಿ ಸಂತೋಷ.

ನಿನ್ನೆ ನಮ್ಮ ಎಸಿ ಮೆಕ್ಯಾನಿಕ್ ಬಂದು ಫಿಲ್ಟರ್ ತೊಳೆಯಲು ದಿನವಿಡೀ ಎಸಿ ನಿಲ್ಲಿಸಿದ್ದ. ಅಂದಿನ ಎಂಟು ಸುತ್ತು ಹಾಳಾದವು. ಬದಿಗಿಟ್ಟೆ. ಉಳಿದಂತೆ ಎಲ್ಲ ಸರಿಯಾಗಿದೆ.

ಕಡ್ಡಿ


ಮಾರ್ಚ್ 12

ಕಡ್ಡಿಗೆ,

ಸಿಟ್ಟೂ ಇಲ್ಲ, ಸೆಡವೂ ಇಲ್ಲ. ನಿನ್ನ ಮೇಲೆ ನನಗೆ ಸಿಟ್ಟು ಬಂದರೆ ಅದು ಮಧ್ಯಾಹ್ನದ ಊಟದವರೆಗೂ ನಿಲ್ಲುವುದಿಲ್ಲ ಎಂದು ನಿನಗೇ ಗೊತ್ತು. ಟೈಪಿಂಗ್ ಅಭ್ಯಾಸವಾಗಲಿ ಎಂದು ಮಾತ್ರ.

ಇವತ್ತು ಯಾಕೋ ಅಪ್ಪನ ನೆನಪಾಯಿತು. ಸರ್ವೇ ಆಫೀಸಿನಲ್ಲಿ ಅವರು ನಕ್ಷೆ ಬರೆಯುತ್ತಿದ್ದಾಗ ಗೆರೆ ಎಷ್ಟು ನೇರ ಇರುತ್ತಿತ್ತು! ಆಮೇಲೆ ಆ ನಡುಗು ರೋಗ ಬಂದು ನದಿಯೂ ರಸ್ತೆಯೂ ಒಂದೇ ಥರ ಕಾಣತೊಡಗಿದವು. ಕೊನೆಯ ಎರಡು ವರ್ಷ ಅಮ್ಮನೇ ಚಮಚದಲ್ಲಿ ಉಣಿಸಿದಳು. ಅವರಿಗೆ ಮೊದಲು ಶುರುವಾದದ್ದು ಯಾವ ಕೈಯಲ್ಲಿ? ಬಲಗೈ ಎಂದು ನನ್ನ ನೆನಪು. ನಿನಗೆ ನೆನಪಿದ್ದರೆ ಬರಿ. ಅವಸರವಿಲ್ಲ.

ಗ್ರಾಫ್ ನೋಡಲು ಈಗ ಎದುರಿನ ಔಷಧಿ ಅಂಗಡಿಯವರೂ ಬಂದು ಹೋದರು.

ಅಣ್ಣ


ಮಾರ್ಚ್ 25

ಅಣ್ಣಾ,

ಬಲಗೈ. ಹೆಬ್ಬೆರಳಿನಿಂದ ಶುರುವಾದದ್ದು.

ಕೆಲಸ ತುಂಬಾ ಇದೆ. ಆ ಗ್ರಾಫನ್ನು ಗೋಡೆಯಿಂದ ತೆಗೆದುಬಿಡು. ಇನ್ನು ಯಾರಿಗೂ ತೋರಿಸಬೇಡ. ಕಾರಣ ಆಮೇಲೆ ಹೇಳುತ್ತೇನೆ.

ಕಡ್ಡಿ


ಏಪ್ರಿಲ್ 3

ಕಡ್ಡಿಗೆ,

ತೆಗೆದೆ. ನಾಲ್ಕು ಮೂಲೆಯ ಅಂಟು ಗೋಡೆಯ ಸುಣ್ಣವನ್ನೂ ಎಬ್ಬಿಸಿಕೊಂಡು ಬಂತು.

ನೀನು ಈಗ ದೊಡ್ಡ ಸಭೆಗಳಲ್ಲಿ ಮಾತಾಡುವವಳು. ಪ್ಲಾಸ್ಟರ್ ಧೂಳಿನ ಗೋಡೆಯ ಮೇಲೆ, ಅಚ್ಚಿನ ದವಡೆಗಳ ಪಕ್ಕದಲ್ಲಿ ನಿನ್ನ ಹೆಸರು ತೂಗುಹಾಕಿದ್ದು ನನ್ನದೇ ತಪ್ಪು. ಹೆಮ್ಮೆಯಲ್ಲಿ ಹೊಳೆಯಲಿಲ್ಲ.

ಇಲ್ಲಿ ವಿಶೇಷವಿಲ್ಲ. ಮುಂದಿನ ತಿಂಗಳಿಂದ ಮುಂಬದಿ ಹಲ್ಲಿನ ಮೇಣದ ಕೆತ್ತನೆಯನ್ನು ಬೇರೆ ವರ್ಕ್‌ಶಾಪಿಗೆ ಬಿಟ್ಟುಕೊಡುತ್ತೇನೆ. ದವಡೆ ಹಲ್ಲು ಸಾಕು ನನಗೆ, ಅದನ್ನು ಯಾರೂ ನೋಡುವುದಿಲ್ಲ. ನಲವತ್ತಾರು ಆಯಿತಲ್ಲ.

ಅಣ್ಣ


ಏಪ್ರಿಲ್ 11

ಅಣ್ಣಾ,

ನಿನ್ನ ಪತ್ರ ಓದಿ ಕೆನ್ನೆಗೆ ಹೊಡೆದ ಹಾಗಾಯಿತು. ನಿನ್ನ ಗೋಡೆ ನನ್ನ ಗ್ರಾಫಿಗೆ ಕಡಿಮೆಯಾಯಿತು ಎಂದು ನಾನು ಅಂದುಕೊಳ್ಳುತ್ತೇನೆಯೇ? ನಿನ್ನ ಗೋಡೆಯ ಮೇಲಿರುವ ಯೋಗ್ಯತೆ ಆ ಗ್ರಾಫಿಗೇ ಇಲ್ಲ. ಅದು ಸುಳ್ಳು. ಮೂರು ಗುಡ್ಡವೂ ಸುಳ್ಳು.

ಬರೆದುಬಿಟ್ಟೆ. ಇನ್ನು ಮಿಕ್ಕದ್ದು ಸುಲಭ.

ಎಸಿ ಮೆಕ್ಯಾನಿಕ್ ಬಂದ ದಿನದ ಎಂಟು ಸುತ್ತು ಹಾಳಾದವು ಎಂದು ಬರೆದಿದ್ದೆನಲ್ಲ? ಅವು ಹಾಳಾಗಿರಲಿಲ್ಲ. ಎಂದಿಗಿಂತ ಚೆನ್ನಾಗಿದ್ದವು. ಅವುಗಳಲ್ಲಿ ಪುಟ್ಟ ನಡುಕ ಸ್ಫುಟವಾಗಿತ್ತು, ತೂಗಾಟ ಮಾತ್ರ ಇರಲಿಲ್ಲ. ನೋಡಿದೆ. "ಕೋಣೆ ಸರಿಯಿರಲಿಲ್ಲ" ಎಂದು ನೋಟ್‌ಬುಕ್ಕಿನಲ್ಲಿ ಬರೆದು ಪುಟ ಮಗುಚಿದೆ. ತಪ್ಪಾದದ್ದಕ್ಕಿಂತ ಆ ಒಂದು ಸಾಲು ಬರೆದದ್ದಕ್ಕೆ ನನಗೆ ನಾಚಿಕೆ. ಮೂರು ವಾರ ಕಂಡೂ ಕಾಣದವಳ ಹಾಗೆ ಓಡಾಡಿದೆ.

ಆಮೇಲೆ ಒಂದು ಬೆಳಿಗ್ಗೆ ಲೇಸರ್ ಕೋಣೆಯ ಹೊರಗೆ ಕೂತು ಎಸಿಯ ಸದ್ದು ಕೇಳುತ್ತಿದ್ದೆ. ಗುಂಯ್ ಎಂದು ಹತ್ತಿಕೊಳ್ಳುತ್ತದೆ, ಆರುತ್ತದೆ. ಹತ್ತು ನಿಮಿಷಕ್ಕೆ ಒಂದು ಸಲ. ಅರ್ಧ ಗಂಟೆಯ ಸುತ್ತಿಗೆ ಎಷ್ಟಾಯಿತು, ನೀನೇ ಹೇಳು. ಮೂರು. ಗಾಳಿ ತಣ್ಣಗಾದಾಗ, ಬೆಚ್ಚಗಾದಾಗ ಕನ್ನಡಿಗಳ ಕಾಲು ಇಷ್ಟೇ ಇಷ್ಟು ಕದಲುತ್ತದೆ, ಬೆಳಕು ಹರಳಿನ ಮೇಲೆ ಬೀಳುವ ಜಾಗ ಇಷ್ಟೇ ಇಷ್ಟು ಜರುಗುತ್ತದೆ.

ಇನ್ನೂರು ಸುತ್ತಿನಲ್ಲೂ ಅದು ಒಂದೇ ಜಾಗಕ್ಕೆ ಹೇಗೆ ಬಂತು, ಕಲಸಿಹೋಗಬೇಕಿತ್ತಲ್ಲ ಎಂದು ಎರಡು ದಿನ ತಲೆ ಕೆಡಿಸಿಕೊಂಡೆ. ಉತ್ತರ ನಾನೇ. ಪ್ರತಿ ಸುತ್ತಿಗೆ ಮುಂಚೆ ಬಾಗಿಲು ತೆಗೆದು ಹರಳು ನೋಡಲು ಒಳಗೆ ಹೋಗುತ್ತಿದ್ದೆನಲ್ಲ? ನನ್ನ ಜೊತೆ ಹೊರಗಿನ ಬಿಸಿಗಾಳಿಯೂ ಹೋಗುತ್ತಿತ್ತು. ನಾನು ಹೊರಬಂದು ಬಾಗಿಲು ಹಾಕಿ ಸುತ್ತು ಶುರುಮಾಡುವ ಹೊತ್ತಿಗೆ ಸರಿಯಾಗಿ ಎಸಿಯೂ ಹತ್ತಿಕೊಳ್ಳುತ್ತಿತ್ತು. ಕನ್ನಡಿಯನ್ನು ನಾನು ಯಾವಾಗಲೂ ಒಂದೇ ಕ್ರಮದಲ್ಲಿ ಸರಿಸುತ್ತಿದ್ದೆ: ಒಂದು, ಎರಡು, ಮೂರು, ಅರವತ್ತರವರೆಗೆ. ಹೀಗಾಗಿ ಕೋಣೆಯೊಳಗೆ ಅರ್ಧ ಗಂಟೆಯಲ್ಲಿ ಆದದ್ದೆಲ್ಲ ಪರಮಾಣುವಿನ ತಲೆಗೆ ಬಂತು. ನಾಲ್ಕು ವರ್ಷ ಕೂತು ನಾನು ಬಾಗಿಲು ತೆಗೆದದ್ದನ್ನು ನಾನೇ ಅಳೆದೆ!

ಖಾತ್ರಿ ಮಾಡಿಕೊಳ್ಳುವುದು ಕಷ್ಟವಿರಲಿಲ್ಲ. ಕ್ರಮವನ್ನು ಕಲಸಿದೆ. ಮೂವತ್ತೇಳು, ನಾಲ್ಕು, ಐವತ್ತೆರಡು, ಹನ್ನೊಂದು, ಹೀಗೆ ಚೀಟಿ ಎತ್ತಿದ ಹಾಗೆ. ಪರಮಾಣುವಿನದ್ದೇ ಆಗಿದ್ದರೆ ಯಾವ ಕ್ರಮದಲ್ಲಿ ಅಳೆದರೂ ಅಲ್ಲೇ ಇರಬೇಕು. ಪುಟ್ಟ ನಡುಕ ಅಲ್ಲೇ ಇತ್ತು. ಗುಡ್ಡಗಳು ಹೇಳಹೆಸರಿಲ್ಲದೆ ಹೋದವು.

ಆ ಹೊಸ ಗ್ರಾಫ್ ಚೀಲದಲ್ಲಿಟ್ಟುಕೊಂಡು ನಾಲ್ಕು ದಿನವಾಯಿತು. ನಾಳೆ ಮೇಡಂಗೆ ಹೇಳುತ್ತೇನೆ. ಪ್ರಬಂಧ ಹೋಗುತ್ತದೆ, ಕೆಲಸವೂ ಹೋಗಬಹುದು. ಮೇಡಂ ಎದುರು ನಿಲ್ಲುವುದಕ್ಕಿಂತ ನಿನಗೆ ಬರೆಯುವುದೇ ನನಗೆ ಹೆಚ್ಚು ಕಷ್ಟವಾಯಿತು. ನೀನು ಮೇಷ್ಟ್ರಿಗೆ ಹೇಳಿದ್ದೀಯ, ಔಷಧಿ ಅಂಗಡಿಯವರಿಗೆ ಹೇಳಿದ್ದೀಯ. ನಿನ್ನ ಮುಖಕ್ಕೆ ಮಸಿ ಬಳಿದೆ. ಕ್ಷಮಿಸು.

ಕಡ್ಡಿ


ಏಪ್ರಿಲ್ 21

ಕಡ್ಡಿ,

ಮೊದಲು ನಿನ್ನ ಭಾರ ಇಳಿಸುತ್ತೇನೆ. ಮೇಷ್ಟ್ರು ಸೆಟ್ಟು ತೆಗೆದುಕೊಂಡು ಹೋಗಲು ಬಂದಾಗ ನಾನೇ ಹೇಳಿದೆ, ಆ ಗುಡ್ಡ ಸುಳ್ಳಂತೆ ಎಂದು. "ಯಾರು ಕಂಡುಹಿಡಿದ್ರು ತಪ್ಪನ್ನ?" ಎಂದು ಕೇಳಿದರು. "ಅವಳೇ" ಎಂದೆ. "ಹಾಗಾದ್ರೆ ಪಾಸು ಬಿಡಪ್ಪ" ಎಂದರು. ನನ್ನ ಮುಖದ ಮಸಿ ಅಷ್ಟಕ್ಕೇ ಹೋಯಿತು. ನಾನು ಹೋದ ಪತ್ರದಲ್ಲಿ ಬರೆದ ಕೊಂಕು ಮಾತನ್ನು ಮರೆತುಬಿಡು.

ಈಗ ನನ್ನದು. ಎಂಟು ತಿಂಗಳಿಂದ ನನ್ನ ಕೈ ನಡುಗುತ್ತಿದೆ. ಬಲಗೈ.

ಟೈಪಿಂಗ್ ಕಲಿಯುವ ಹುಚ್ಚೂ ಇಲ್ಲ, ಏನೂ ಇಲ್ಲ. ಈಚೆಗೆ ಬೆಳಿಗ್ಗೆ ವರ್ಕ್‌ಶಾಪಿನಲ್ಲಿ ಪೆನ್ನು ಹಿಡಿದರೆ ಅಕ್ಷರ ಅಪ್ಪನ ಕೊನೆಗಾಲದ ಗೆರೆಯ ಹಾಗೆ ಬರುತ್ತಿತ್ತು. ನೀನು ಅದನ್ನು ನೋಡಿದರೆ ಒಂದೇ ಕ್ಷಣದಲ್ಲಿ ಗುರುತು ಹಿಡಿಯುತ್ತೀಯ ಎಂದು ಕಂಪ್ಯೂಟರಿನ ಹಿಂದೆ ಅಡಗಿದೆ. ಮೇಣದ ಚಾಕು ಹಿಡಿದು ಮುಂಬದಿ ಹಲ್ಲಿನ ಅಂಚು ತೀಡಲು ಹೋದರೆ ಚಾಕು ಜಾರುತ್ತದೆ. ನಿನ್ನ ಅತ್ತಿಗೆಗೆ ಹೇಳಿಲ್ಲ. ಡಾಕ್ಟರ ಬಳಿ ಹೋಗಿಲ್ಲ. ಹೋಗಿ "ಹೌದು" ಅನ್ನಿಸಿಕೊಳ್ಳುವ ಧೈರ್ಯ ಇರಲಿಲ್ಲ. ಅಪ್ಪನದೇ ನನಗೂ ಬಂತು ಎಂದು ನಾನೇ ತೀರ್ಪು ಬರೆದು ಮಡಚಿ ಜೇಬಿನಲ್ಲಿಟ್ಟುಕೊಂಡಿದ್ದೆ. ಮೇಲಿನ ಮುಂಬದಿಯ ಆರು ಹಲ್ಲು ಕೆತ್ತುವುದಕ್ಕೆ ಈ ಊರಿನಲ್ಲಿ ನನ್ನ ಬಿಟ್ಟರೆ ಇಲ್ಲ ಎನ್ನುತ್ತಾರೆ. ಅದೇ ಹೋದರೆ ನಾನು ಯಾರು?

ನಿನ್ನ ಪತ್ರದ ಒಂದು ಮಾತು ಮುಳ್ಳಿನ ಹಾಗೆ ಒಳಗೆ ಹೋಯಿತು. ಯಾವಾಗಲೂ ಒಂದೇ ಕ್ರಮ ಎಂದಿದ್ದೀಯ. ನನ್ನದೂ ಅದೇ ಕಥೆ. ಇಪ್ಪತ್ತು ವರ್ಷದಿಂದ ಒಂದೇ ಕ್ರಮ. ಒಂಬತ್ತಕ್ಕೆ ಬಾಗಿಲು ತೆಗೆಯುವುದು. ಬೆಳಿಗ್ಗೆ ಬೆಳಕು ಚೆನ್ನಾಗಿರುತ್ತದೆ ಎಂದು ಮೊದಲು ಮೇಣದ ಕೆತ್ತನೆ. ಆಮೇಲೆ ಹಲ್ಲು ಜೋಡಿಸುವುದು. ಊಟದ ನಂತರ ಪ್ಲಾಸ್ಟರ್, ಕೊನೆಗೆ ಪಾಲಿಶ್. ಕೈ ನಡುಗುವುದು ಕೆತ್ತನೆಯಲ್ಲಿ, ಆದ್ದರಿಂದ ನವಿರು ಕೆಲಸ ನನ್ನ ಕೈಬಿಟ್ಟಿತು ಎಂದು ನಾನು ನಿರ್ಧರಿಸಿದ್ದೆ.

ನಾಲ್ಕು ಕೆಲಸವನ್ನು ನಾಲ್ಕು ಚೀಟಿಯಲ್ಲಿ ಬರೆದು ಖಾಲಿ ಡಬ್ಬಿಗೆ ಹಾಕಿದೆ. ದಿನಾ ಬೆಳಿಗ್ಗೆ ಒಂದೊಂದಾಗಿ ಎತ್ತುವುದು, ಬಂದ ಕ್ರಮದಲ್ಲೇ ಮಾಡುವುದು. ಒಂದು ವಾರ ಮಾಡಿದೆ. ಬೆಳಿಗ್ಗೆ ಪಾಲಿಶ್ ಬಂದ ದಿನ ಕೈ ಪಾಲಿಶ್‌ನಲ್ಲೂ ನಡುಗಿತು. ಪ್ಲಾಸ್ಟರ್ ಬಂದ ದಿನ ನೀರು ಚೆಲ್ಲಿತು. ಕೆತ್ತನೆ ಮಧ್ಯಾಹ್ನ ಮೂರು ಗಂಟೆಗೆ ಬಂದ ದಿನ, ಕಡ್ಡಿ, ಕೈ ಕಲ್ಲಿನ ಹಾಗೆ ನಿಂತಿತ್ತು. ಎರಡು ಕೋರೆಹಲ್ಲು ಕೆತ್ತಿದೆ, ಮೊದಲಿನ ಹಾಗೆಯೇ.

ಅಂದರೆ ಕೆಲಸದ ದೋಷವಲ್ಲ, ಹೊತ್ತಿನ ದೋಷ. ಬೆಳಿಗ್ಗೆ ಏನು ವಿಶೇಷ ಎಂದು ಯೋಚಿಸುತ್ತಾ ಬಾಗಿಲ ಬಳಿ ನಿಂತೆ. ಧೂಳಿಗೆ ಉಬ್ಬಸ ಶುರುವಾಗಿದೆ ಎಂದು ಕಳೆದ ವರ್ಷ ಡಾಕ್ಟರ್ ಒಂದು ಮಾತ್ರೆ ಬರೆದುಕೊಟ್ಟಿದ್ದರು. ಬಾಗಿಲು ತೆಗೆದ ಕೂಡಲೇ ಅದನ್ನು ನುಂಗುತ್ತೇನೆ. ಆಮೇಲೆ ಕೂರುತ್ತೇನೆ.

ಇದೇ ಇರಬಹುದೇ? ಆಸೆಪಡಲು ಹೆದರಿಕೆಯಾಗುತ್ತಿದೆ. ನೀನು ಏನು ಹೇಳುತ್ತೀಯ?

ಅಣ್ಣ


ಏಪ್ರಿಲ್ 28

ಅಣ್ಣಾ,

ನಿನ್ನನ್ನು ತಬ್ಬಿಕೊಳ್ಳಬೇಕೋ ಬಾರಿಸಬೇಕೋ ಗೊತ್ತಾಗದೆ ಅರ್ಧ ಗಂಟೆ ಸುಮ್ಮನೆ ಅತ್ತೆ. ನಡುಕ ನಿಲ್ಲುತ್ತದೆಯೇ ಎಂದು ನೀನು ಕೇಳಿದ್ದಕ್ಕೆ ನಾನು ಪರಮಾಣುವಿನ ಪಾಠ ಮಾಡಿದೆ. ಯಾವ ಕೈ ಎಂದು ಕೇಳಿದ್ದಕ್ಕೆ "ಬಲಗೈ, ಹೆಬ್ಬೆರಳು" ಎಂದು ತೀರ್ಪು ಬರೆದ ಹಾಗೆ ಬರೆದೆ. ಅದನ್ನು ಓದಿ ನಿನಗೆ ಹೇಗಾಗಿರಬೇಡ!

ನಾನು ಡಾಕ್ಟರಲ್ಲ, ಆದ್ದರಿಂದ ನನ್ನನ್ನು ಕೇಳಬೇಡ. ಮಾತ್ರೆಯನ್ನು ನೀನಾಗಿ ನಿಲ್ಲಿಸಬೇಡ, ಹಿಂದೆ ಮುಂದೆ ಮಾಡಬೇಡ, ಉಬ್ಬಸ ಹುಡುಗಾಟವಲ್ಲ. ಆ ಒಂದು ವಾರದ ವಿವರ ಪೂರ್ತಿ ಒಂದು ಹಾಳೆಯಲ್ಲಿ ಬರೆದು ಡಾಕ್ಟರ ಮುಂದಿಡು. ಅಪ್ಪನ ಕಾಯಿಲೆಯ ವಿಷಯವನ್ನೂ ಹೇಳು, ಮಾತು ನುಂಗಬೇಡ. ಅದಕ್ಕೂ ಮುಂಚೆ ಅತ್ತಿಗೆಗೆ ಹೇಳು. ಈ ಪತ್ರ ಮಡಚಿದ ಕೂಡಲೇ.

ಇಲ್ಲಿಯದು ಚುಟುಕಾಗಿ ಹೇಳುತ್ತೇನೆ. ಮೇಡಂಗೆ ಹೇಳಿದೆ. ಎರಡು ಗ್ರಾಫನ್ನೂ ಅಕ್ಕಪಕ್ಕ ಇಟ್ಟೆ, ಬದಿಗಿಟ್ಟ ಎಂಟು ಸುತ್ತನ್ನೂ ಇಟ್ಟೆ. ಅವರು ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿ ಬಂದರು. ಮುಗಿಯಿತು ನನ್ನ ಕಥೆ ಎಂದುಕೊಂಡೆ.

"ನಾನು ನಿನ್ ವಯಸ್ಸಲ್ಲಿ ಎರಡು ವರ್ಷ ಒಂದು ಲಿಫ್ಟನ್ನ ಅಳೆದಿದ್ದೆ" ಎಂದರು. "ಪಕ್ಕದ ಕಟ್ಟಡದ್ದು. ಅದು ಮೇಲೆ ಹೋದ್ರೆ ನನ್ ಸಿಗ್ನಲ್ ಮೇಲೆ, ಕೆಳಗ್ ಬಂದ್ರೆ ಕೆಳಗೆ. ಅದಕ್ಕೆ ಒಂದು ಹೆಸರೂ ಇಟ್ಟಿದ್ದೆ."

ನನಗೆ ನಗು ಬಂತು, ನಗಬಹುದೋ ಇಲ್ಲವೋ ತಿಳಿಯಲಿಲ್ಲ. ಅವರೇ ನಕ್ಕರು. ಆಮೇಲೆ ಗಂಭೀರವಾಗಿ, "ಆ ಎಂಟು ಸುತ್ತು ಬದಿಗಿಟ್ಟಿದ್ದು ಮಾತ್ರ ಇನ್ನೊಂದ್ ಸಲ ಆಗ್ಬಾರ್ದು" ಎಂದರು. ಅದು ನಾಟಿತು. ಪ್ರಬಂಧವನ್ನು ಅಂದೇ ವಾಪಸು ತೆಗೆದುಕೊಂಡೆವು. ಅಚ್ಚಾಗಿರಲಿಲ್ಲ, ಸದ್ಯ. ಕೆಲಸದ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದರೂ ಮೆಟ್ಟಿಲಿಳಿದು ಬರುವಾಗ ತಲೆಯ ಮೇಲಿನ ಮೂಟೆ ಇಳಿಸಿದ ಹಾಗಿತ್ತು. ನೀನೂ ಇಳಿಸು.

ಕಡ್ಡಿ


ಮೇ 12

ಕಡ್ಡಿ,

ಅಲ್ಲ! ಅಪ್ಪನದಲ್ಲ!

ಮೊದಲು ಉಬ್ಬಸದ ಡಾಕ್ಟರ್. ನನ್ನ ಹಾಳೆಯನ್ನು ಎರಡು ಸಲ ಓದಿದರು. "ಚೀಟಿ ಎತ್ತಿ ನೋಡಿ ಅಂತ ಯಾರು ಹೇಳ್ಕೊಟ್ರು?" ಎಂದರು. "ನನ್ ತಂಗಿ. ಪರಮಾಣು ನಡುಗೋದನ್ನ ನೋಡ್ತಾಳೆ" ಎಂದೆ. ಈ ಮಾತ್ರೆಗೆ ಕೈ ನಡುಗುವುದು ಮಾಮೂಲಂತೆ. ನನಗೆ ಪ್ರಮಾಣವೂ ಸ್ವಲ್ಪ ಹೆಚ್ಚಾಗಿತ್ತಂತೆ. "ಎಂಟ್ ತಿಂಗ್ಳು ಯಾಕ್ರೀ ಸುಮ್ನಿದ್ರಿ?" ಎಂದು ಬೈದರು.

ಅಪ್ಪನ ವಿಷಯ ಹೇಳಿದ್ದಕ್ಕೆ ನರದ ಡಾಕ್ಟರ ಬಳಿಗೂ ಕಳಿಸಿದರು. ಆಕೆ ತೊಡೆಯ ಮೇಲೆ ಕೈ ಇಟ್ಟು ಕೂರಿಸಿ ನೂರರಿಂದ ಹಿಂದಕ್ಕೆ ಎಣಿಸಲು ಹೇಳಿದರು. ನಡೆಸಿದರು. ಮಣಿಕಟ್ಟು ತಿರುಗಿಸಿ ನೋಡಿದರು. "ನಿಮ್ ತಂದೆಗೆ ಕೈ ಸುಮ್ನೆ ಇದ್ದಾಗ ನಡುಗ್ತಿತ್ತು ಅಲ್ವಾ?" ಎಂದು ಕೇಳಿದರು. ಹೌದು, ನಡುಗುತ್ತಿತ್ತು. ಖಾಲಿ ಕೈ ಮಡಿಲಲ್ಲಿ ಕೂತು ತಾನಾಗಿ ನಡುಗುತ್ತಿತ್ತು. "ನಿಮ್ದು ಕೆಲಸಕ್ಕೆ ಹೋದಾಗ ನಡುಗತ್ತೆ. ಅದೇ ಬೇರೆ, ಇದೇ ಬೇರೆ. ಆ ರೋಗದ ಲಕ್ಷಣ ನಿಮ್ಮಲ್ಲಿ ಒಂದೂ ಇಲ್ಲ" ಎಂದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಯಾರೋ ನೀರು ಬೇಕಾ ಎಂದು ಕೇಳಿದರು, ಅಷ್ಟು ಅತ್ತಿದ್ದೆ.

ಇನ್ನು ನಿನ್ನ ಅತ್ತಿಗೆ. ಹೇಳಿದ ದಿನ ಅವಳು ಮೊದಲು ಕೇಳಿದ್ದು, "ಇಷ್ಟೇನಾ?" ಎಂದು. ಬೆಳಗಾದರೆ ಬೇಗ ಎದ್ದು ಹೋಗುವುದು, ಎದುರು ಕೂತು ಊಟ ಮಾಡದಿರುವುದು, ಕೈ ಹಿಡಿಯಲು ಬಂದರೆ ಎಳೆದುಕೊಳ್ಳುವುದು, ಎಲ್ಲ ಸೇರಿಸಿ ನನಗೆ ಬೇರೆ ಯಾರೋ ಗಂಟುಬಿದ್ದಿದ್ದಾಳೆ ಎಂದು ಲೆಕ್ಕ ಹಾಕಿದ್ದಳಂತೆ! ನಕ್ಕು ನಕ್ಕು ಸುಸ್ತಾದಳು. ಆಮೇಲೆ ವಿಷಯ ತಲೆಗೆ ಹೋಗಿ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಆಸ್ಪತ್ರೆಗೆ ಜೊತೆಗೆ ಬಂದಳು. ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತಿದ್ದವಳು ಅವಳೇ.

ಮಾತ್ರೆ ಬದಲಾಯಿಸಿದ್ದಾರೆ. ಈಗ ಬಾಯಿಗೆ ಎಳೆದುಕೊಳ್ಳುವ ಪುಡಿ. ಎಂಟು ದಿನವಾಯಿತು. ಉಸಿರೂ ಸರಾಗ, ಕೈಯೂ ನಿಂತಿದೆ. ಮುಂಬದಿ ಹಲ್ಲಿನ ಕೆಲಸ ಯಾರಿಗೂ ಬಿಟ್ಟುಕೊಡುತ್ತಿಲ್ಲ. ಪತ್ರ ಮಾತ್ರ ಟೈಪೇ. ರೂಢಿಯಾಗಿಬಿಟ್ಟಿದೆ, ನೋಟೀಸು ಎಂದರೂ ಸರಿ.

ಎಂಟು ತಿಂಗಳು ನಾನೊಬ್ಬನೇ ಹೆದರಿದೆ ಕಡ್ಡಿ. ಯಾಕೆ ಹಾಗೆ ಮಾಡಿದೆನೋ.

ಅಣ್ಣ


ಮೇ 23

ಅಣ್ಣಾ,

ನಿನ್ನ ಮೊದಲ ಸಾಲು ಓದಿ ಪತ್ರ ಕೆಳಗಿಟ್ಟು ಕೋಣೆಯ ತುಂಬ ಓಡಾಡಿದೆ. ಮಿಕ್ಕದ್ದನ್ನು ಓದಿದ್ದು ಆಮೇಲೆ. ಅತ್ತಿಗೆಯ "ಇಷ್ಟೇನಾ" ಓದಿ ನೀರು ಕುಡಿಯುತ್ತಿದ್ದವಳಿಗೆ ನೆತ್ತಿಗೇರಿತು.

ಸಭೆ ಮುಗಿಯಿತು. ತೂಗಾಟದ ಬದಲು ಬಾಗಿಲಿನ ಬಗ್ಗೆ ಮಾತಾಡಿದೆ. ಆ ಎಂಟು ಸುತ್ತನ್ನು ಬದಿಗಿಟ್ಟದ್ದನ್ನೂ ಮುಚ್ಚಿಡದೆ ಹೇಳಿದೆ. ಆಮೇಲೆ ಕಲಸಿದ ಕ್ರಮದಲ್ಲಿ ಅಳೆದ ಪುಟ್ಟ ನಡುಕ ತೋರಿಸಿದೆ. ಅಷ್ಟು ನಿಚ್ಚಳವಾಗಿ ಅದನ್ನು ನಾನೂ ಹಿಂದೆ ಕಂಡಿರಲಿಲ್ಲ. ಊಟದ ಹೊತ್ತಿಗೆ ಒಬ್ಬೊಬ್ಬರೇ ಬಂದು ಕಿವಿಯಲ್ಲಿ ತಮ್ಮ ತಮ್ಮ ಕಥೆ ಹೇಳಿದರು. ಒಬ್ಬರು ರೈಲು ಅಳೆದಿದ್ದರಂತೆ. ಇನ್ನೊಬ್ಬರು ಕಾಫಿ ಯಂತ್ರ. ಕರಾರನ್ನು ಒಂದು ವರ್ಷ ಮುಂದುವರಿಸಿದ್ದಾರೆ. ಖಾಯಂ ಅಲ್ಲ. ನನಗೆ ಸದ್ಯಕ್ಕೆ ಅಷ್ಟು ಸಾಕು.

ನೀನೊಬ್ಬನೇ ಹೆದರಿದೆ ಎಂದು ಬರೆದಿದ್ದೀಯ. ಅದು ನಿಜವಲ್ಲ. ಇದನ್ನು ನಾನು ಯಾರಿಗೂ ಹೇಳಿಲ್ಲ. ಅಪ್ಪ ತೀರಿಕೊಂಡ ಮರುವಾರದಿಂದ, ಹನ್ನೊಂದು ವರ್ಷ, ನಾನು ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆಯ ಮೇಲೆ ಕೂತು ಎರಡೂ ಕೈ ಮುಂದೆ ಚಾಚಿ ಹತ್ತು ಎಣಿಸುತ್ತೇನೆ. ಬೆರಳುಗಳ ತುದಿಯನ್ನೇ ನೋಡುತ್ತೇನೆ. ಹಾಸ್ಟೆಲಿನಲ್ಲಿ ಜೊತೆಯವರು ಏಳುವ ಮುಂಚೆ ಎದ್ದು ನೋಡಿಕೊಳ್ಳುತ್ತಿದ್ದೆ. ಅದನ್ನು ಮಾಡದೆ ನೆಲಕ್ಕೆ ಕಾಲಿಟ್ಟ ದಿನವಿಲ್ಲ, ಜ್ವರದಲ್ಲೂ ಇಲ್ಲ, ಪ್ರಯಾಣದಲ್ಲೂ ಇಲ್ಲ. ನಿನಗೆ ಹೇಳಿದರೆ ನೀನೂ ನಿನ್ನ ಕೈ ನೋಡಿಕೊಳ್ಳಲು ಶುರುಮಾಡುತ್ತೀಯ ಎಂದು ಬಾಯಿ ಬಿಡಲಿಲ್ಲ.

ನಿನ್ನ ಪತ್ರ ಬಂದದ್ದು ಸೋಮವಾರ. ಇವತ್ತು ಶುಕ್ರವಾರ. ಮೇಲಿನ ಸಾಲುಗಳನ್ನು ಬರೆಯುವಾಗ ತಟ್ಟನೆ ಹೊಳೆಯಿತು ಅಣ್ಣಾ, ಮಂಗಳವಾರದಿಂದ ನಾನು ಕೈ ನೋಡಿಕೊಂಡೇ ಇಲ್ಲ.

ಕಡ್ಡಿ